ಹಳೆ ಜೀಪಿನ ತಿರುಮೂರ್ತಿ

ಧಾರಾಪುರಂ ಕಡೆಯ ಯಾವುದೋ ತೆಂಗಿನ ತೋಪಿನಲ್ಲಿ ಹಳೆಯ ಜೀಪೊಂದು ನಿಂತಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಉಡುಮಲೈಪೇಟೆಯ ತಿರುಮೂರ್ತಿ ತಟ್ಟೆಯಲ್ಲಿದ್ದ ಇಡ್ಲಿಯನ್ನು ಅಲ್ಲೇ ಬಿಟ್ಟು ಏಳುತ್ತಾನೆ. ಸೀಟಿನಲ್ಲಿ ಕೋಳಿ ಕಾವಿಗೆ ಕೂತಿರಲಿ, ಬಾನೆಟ್ಟಿನೊಳಗಿಂದ ಬೇವಿನ ಗಿಡ ಎದ್ದಿರಲಿ, ಅವನ ಕಣ್ಣಿಗೆ ಅದು ಈಗಷ್ಟೇ ಷೋರೂಮಿನಿಂದ ಇಳಿದ ಗಾಡಿ. ಗಾಡಿಯ ಕೆಳಗೆ ನುಸುಳಿ, ನಾಲ್ಕು ಚಕ್ರವನ್ನೂ ತಟ್ಟಿ, "ಉಸ್ರೈತೆ ಗೋಕಿಲಾ, ಇನ್ನೂ ಉಸ್ರೈತೆ!" ಎಂದು ಕೂಗುತ್ತಾನೆ. "ಸುಮ್ಕಿರಿ, ನಿಮ್ ಮೊಕ ನೋಡೇ ರೇಟು ಏರಿಸ್ತಾರೆ" ಎಂದು ಹೆಂಡತಿ ಚಿವುಟುವುದರೊಳಗೆ ರೇಟು ಏರಿಯೇ ಬಿಟ್ಟಿರುತ್ತದೆ. ದನ ಮಾರಿದರೂ ಹಗ್ಗ ಕೊಡಬಾರದೆಂಬ ಮನೆತನದ ಪದ್ಧತಿಯನ್ನು ಅವನು ಜೀಪಿಗೂ ತಂದಿದ್ದಾನೆ: ಹಳೆಯ ಕೀಲಿಕೈಯನ್ನು ಮಾರಿದವರ ಮನೆಯಲ್ಲೇ ಬಿಟ್ಟು, ಅದೇ ಬೀಗಕ್ಕೆ ಬೇರೊಂದನ್ನು ಮಾಡಿಸಿಕೊಳ್ಳುತ್ತಾನೆ. ಆದರೆ ಮಾತುಕತೆಗೆ ಕೂರುವ ಮುಂಚೆ ತನ್ನ ಉಡಿದಾರಕ್ಕೆ ಕಟ್ಟಿದ ಸವೆದ ಕೀಲಿಕೈಯೊಂದನ್ನು ಬಿಚ್ಚಿ, ಜೀಪಿಗೆ ಹಾಕಿ ತಿರುಗಿಸುತ್ತಾನೆ. ಅಪ್ಪ ತಮ್ಮ ಜೀಪನ್ನು ಮಾರಿದ ದಿನ ಅವ್ವ ಸೆಲ್ಲಮ್ಮ ಕೊಡದೆ ಉಳಿಸಿಕೊಂಡ ಕೀಲಿಕೈ ಅದು. ಇದುವರೆಗೆ ಹಾಕಿ ನೋಡಿದ ಹದಿನೇಳು ಜೀಪುಗಳಲ್ಲಿ ಒಂದರಲ್ಲೂ ಅದು ತಿರುಗಿಲ್ಲ. ಪ್ರತಿ ಸಲವೂ ಅದನ್ನು ಒರೆಸಿ ಮತ್ತೆ ಉಡಿದಾರಕ್ಕೆ ಕಟ್ಟಿಕೊಳ್ಳುತ್ತಾ, "ಹಂಗಾರೆ ನಮ್ದು ಇನ್ನೂ ಎಲ್ಲೋ ನಿಂತೈತೆ" ಎಂದು ಮುಖವರಳಿಸುತ್ತಾನೆ.