ಹಿಂದೆ ಉಳಿಯುವವರ ಕೋಣೆ

ಅಣ್ಣನ ಮಗಳು ಶೋಭಾ ನಿನ್ನೆಯಿಂದ ನನ್ನ ಮೊಬೈಲಿಗೆ ಹೋಟೆಲುಗಳ ಚಿತ್ರ ಕಳಿಸುತ್ತಿದ್ದಾಳೆ. ಮನೆಮಂದಿಯೆಲ್ಲ ಮೈಸೂರು ನೋಡಿ ಬರುವುದೆಂದು ಆಳಂದದ ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಯಾವ ಚಿತ್ರ ನೋಡಿದರೂ ಒಂದು ಬಿಳಿ ಹಾಸಿಗೆ, ಅದರ ಮೇಲೆ ಹಂಸದ ಹಾಗೆ ಮಡಚಿಟ್ಟ ಟವೆಲು. ಆ ಹಂಸವನ್ನು ಬಿಡಿಸಿ ಮೈ ಒರೆಸಿಕೊಳ್ಳಲು ಮನಸ್ಸಾದರೂ ಹೇಗೆ ಬರುತ್ತದೋ! “ಕಾಕಾ, ಯಾವುದು ಆಗ್ತದ ಹೇಳ್ರಿ” ಎಂದು ಕೇಳಿದ್ದಾಳೆ. ಬಹಳ ವರ್ಷ ಪತ್ರಿಕೆಗೆ ವರದಿ ಬರೆದವನಿಗೆ ಒಂದು ರೋಗವಿರುತ್ತದೆ: ಚಿತ್ರದಲ್ಲಿ ಇರುವುದಕ್ಕಿಂತ ಚಿತ್ರ ತೆಗೆದವನು ಬಿಟ್ಟದ್ದೇನು ಎಂದು ಹುಡುಕುವುದು. ಹಾಗೆ ಹುಡುಕುತ್ತಿದ್ದಾಗ ಗೆಳೆಯ ಗೌಸನ ತಾಯಿ ನೆನಪಾದರು.

ಜೇವರ್ಗಿಯಲ್ಲಿ ಗೌಸ್, ಅಫಜಲಪುರದಲ್ಲಿ ಶಿವಶರಣಪ್ಪ, ಆಳಂದದಲ್ಲಿ ನಾನು. ಮೂವರೂ ಒಂದೇ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆವು. ಜೇವರ್ಗಿ ಕಡೆ ಕೆಲಸ ಬಿದ್ದರೆ ನನ್ನ ಊಟ ಗೌಸನ ಮನೆಯಲ್ಲೇ. ಅವನ ಹಾಗೆ ನಾವೂ ಅವರನ್ನು ಅಮ್ಮಿ ಎನ್ನುತ್ತಿದ್ದೆವು. ಇಜೇರಿ ಹಳ್ಳಿಯ ದೂಳು ಮೆತ್ತಿಕೊಂಡು ಬಂದು, ಕುಳಿತಲ್ಲೇ ಪೆನ್ನು ತೆಗೆದರೆ ಅಮ್ಮಿ ತಾಟು ಮುಂದಿಡುತ್ತಿದ್ದರು. “ಮೊದ್ಲ ಉಣ್ಣು ಬೇಟಾ, ಆಮ್ಯಾಲ ಬರಿ. ಹಸದ ಹೊಟ್ಟ್ಯಾಗ ಬರದ್ರ ಎಲ್ಲಾರೂ ಕೆಟ್ಟೋರೇ ಕಾಣ್ತಾರ.” ಸುದ್ದಿಮನೆಯಲ್ಲಿ ಯಾವ ಸಂಪಾದಕರೂ ನನಗೆ ಇದಕ್ಕಿಂತ ಒಳ್ಳೆಯ ಪಾಠ ಹೇಳಿಕೊಟ್ಟಿಲ್ಲ. ಬಿಸಿ ರೊಟ್ಟಿಯ ಜೊತೆ ಎಂದೂ ಕೊಟ್ಟಿಲ್ಲ.

ಒಂದು ವರ್ಷ ಗೌಸನ ತಂದೆ ತೀರಿಕೊಂಡಿದ್ದರು. ಗಂಡ ಸತ್ತ ಮೇಲೆ ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ಅವಧಿ ಮುಗಿದು ಎಷ್ಟೋ ದಿನವಾದರೂ ಅಮ್ಮಿ ಹೊಸ್ತಿಲು ದಾಟಲಿಲ್ಲ. ಮಾತು ಕಡಿಮೆಯಾಯಿತು, ನಗುವಂತೂ ನಿಂತೇಹೋಯಿತು. ಮೂರೂ ಮನೆಯವರು ಕೂಡಿ ವಿಜಯಪುರ ನೋಡಿ ಬರೋಣ ಎಂದು ಗೌಸ್ ಹೇಳಿದ್ದು ನಿಜದಲ್ಲಿ ಅವರಿಗಾಗಿಯೇ. ಅಮ್ಮಿ ಒಪ್ಪಲಿಲ್ಲ.

“ನನ್ ಮೊಣಕಾಲು ಗುಮ್ಮಟ ಹತ್ತತಾವೇನ್ ಬೇಟಾ? ನೀವೆಲ್ಲಾ ಮ್ಯಾಲ ಹೋಗ್ತೀರಿ. ನಾ ಒಬ್ಬಾಕಿ ಲಾಡ್ಜಿನ ಕೋಣ್ಯಾಗ ಗ್ವಾಡಿ ನೋಡ್ಕೋತ ಕುಂದರಬೇಕು. ಗ್ವಾಡಿ ನಮ್ಮನ್ಯಾಗೂ ಅದಾವ.”

“ಅಮ್ಮಿ ಬರಲಿಲ್ಲಂದ್ರ ನಾನೂ ಬರಂಗಿಲ್ಲ” ಎಂದ ಗೌಸ್. ಆಗ ಶಿವಶರಣಪ್ಪ, “ಕನ್ಯಾ ನೋಡಾಕ ಹೋಗ್ತೇವಲ್ಲ, ಹಂಗ ಲಾಡ್ಜ್ ನೋಡ್ಕೊಂಡ್ ಬರೋಣು ನಡೀರಿ” ಎಂದ. ನಮ್ಮ ಕಡೆ ಕನ್ಯೆ ನೋಡುವವರು ಮೊದಲು ಓಣಿಯವರನ್ನು ಮಾತಾಡಿಸಿ ಆಮೇಲೆ ಮನೆಯೊಳಗೆ ಕಾಲಿಡುತ್ತಾರೆ. ನನ್ನ ವೃತ್ತಿಗೂ ಅದೇ ಧರ್ಮ. ಪ್ರವಾಸಕ್ಕೆ ಮುಂಚೆ ಪ್ರವಾಸಕ್ಕಾಗಿ ಒಂದು ಪ್ರವಾಸ! ಹೆಂಡತಿ ನಕ್ಕಳು, ನಾನು ಮಾತ್ರ ತನಿಖಾ ವರದಿಗೆ ಹೊರಟವನ ಗಾಂಭೀರ್ಯದಲ್ಲಿ ಶಿವಶರಣಪ್ಪನ ಜೊತೆ ವಿಜಯಪುರದ ಬಸ್ಸು ಹತ್ತಿದೆ.

ಮೊದಲು ಹೊಕ್ಕ ಹೋಟೆಲು ಥಳಥಳಿಸುತ್ತಿತ್ತು. ಮ್ಯಾನೇಜರು ಹಾಸಿಗೆ ಒತ್ತಿ ತೋರಿಸಿದರು, ಬಿಸಿನೀರು ಬಿಟ್ಟು ತೋರಿಸಿದರು. ಶಿವಶರಣಪ್ಪ ಹುಡುಗಿಯ ತಂದೆಯನ್ನು ಕೇಳುವ ಧಾಟಿಯಲ್ಲಿ ಕೇಳಿದ: “ಎಲ್ಲಾ ಛಲೋ ಅದರಿ. ನಮ್ಮ ಹಿರ್ಯಾಕಿ ಒಬ್ಬಾಕಿ ಕುಂತ್ರ ಮಾತಾಡಾಕ ಯಾರದಾರ?”

“ಟಿವಿ ಐತಲ್ರಿ.”

“ಟಿವಿ ಮಾತಾಡ್ತದರಿ. ನಮ್ಮಾಕಿ ಮಾತು ಅದು ಕೇಳಂಗಿಲ್ಲಲ್ಲ!”

ಹೀಗೆ ಹಲವು ಸಂಬಂಧಗಳು ಮುರಿದುಬಿದ್ದವು. ಕೊನೆಗೆ ಒಬ್ಬ ಚಹಾದಂಗಡಿಯವನು ಹಳೆಯ ಲಾಡ್ಜೊಂದರ ದಾರಿ ತೋರಿಸಿದ. ನಡುವೆ ಅಂಗಳ, ಅಂಗಳದಲ್ಲಿ ಬೇವಿನ ಮರ, ಸುತ್ತ ನೆಲಮಟ್ಟದ ಕೋಣೆಗಳು. ಹಿಂಬದಿಯಲ್ಲೇ ಯಜಮಾನರ ಸಂಸಾರ. ನಲ್ಲಿ ಸೋರುತ್ತಿತ್ತು, ಗೋಡೆಯ ಬಣ್ಣ ಉದುರುತ್ತಿತ್ತು. ಆದರೆ ಮರದ ಕೆಳಗೆ ಮನೆಯ ಹೆಂಗಸರು ಶೇಂಗಾ ಸುಲಿಯುತ್ತ ಯಾರನ್ನೋ ಆಡಿಕೊಂಡು ನಗುತ್ತಿದ್ದರು. ಶಿವಶರಣಪ್ಪ ನನ್ನ ಮುಖ ನೋಡಿದ. “ಅಕ್ಕಿಕಾಳು ಹಾಕೇ ಬಿಡೋಣು” ಎಂದು ಲಗ್ನವನ್ನೇ ಗೊತ್ತುಮಾಡಿದ.

ನಾನು ಅಮ್ಮಿಗೆ ವಿಜಯಪುರದ ವರ್ಣನೆ ಮಾಡಲಿಲ್ಲ. ಆ ಅಂಗಳದಲ್ಲಿ ಕಂಡದ್ದನ್ನಷ್ಟೇ, ವಿಶೇಷಣ ಬಳಸದೆ ವರದಿ ಮಾಡಿದೆ. ಅಮ್ಮಿ, “ಶೇಂಗಾ ಹಸೇವೋ, ಒಣಾವೋ?” ಎಂದು ಕೇಳಿದರು. ಅವರು ಬರುತ್ತಾರೆಂದು ನಮಗೆ ಗೊತ್ತಾಯಿತು.

ಮರುವಾರ ಅಮ್ಮಿಯನ್ನು ಆ ಬೇವಿನ ನೆರಳಲ್ಲಿ ಬಿಟ್ಟು ನಾವು ಗೋಳಗುಮ್ಮಟ ಹತ್ತಿದೆವು. ಎಲ್ಲರೂ ತಮ್ಮತಮ್ಮ ಹೆಸರು ಕೂಗುತ್ತಿದ್ದರೆ, ಗೌಸ್ ಗೋಡೆಗೆ ಬಾಯಿ ಹಚ್ಚಿ “ಅಮ್ಮೀ” ಎಂದ. ಗುಮ್ಮಟ ಅದನ್ನೇ ಮತ್ತೆ ಮತ್ತೆ ಕರೆಯಿತು. ಆಮೇಲೆ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಬ್ಬಳೇ ಏನು ಮಾಡುತ್ತಿದ್ದಾಳೋ ಎಂದು ನಮ್ಮನ್ನೆಲ್ಲ ಅವಸರಪಡಿಸಿ ಇಳಿಸಿದ.

ಲಾಡ್ಜಿನ ಬಾಗಿಲಲ್ಲಿ ಅವನ ಕಾಲು ತಾನಾಗಿ ನಿಂತಿತು. ಒಳಗಿನಿಂದ ಅಮ್ಮಿಯ ನಗು ಕೇಳುತ್ತಿತ್ತು. ಅವರ ಉಡಿ ತುಂಬ ಶೇಂಗಾ ಸಿಪ್ಪೆ. ಆ ಮನೆಯ ಸೊಸೆ ಕಣ್ಣೀರು ಬರುವಷ್ಟು ನಗುತ್ತ ಅವರ ತೊಡೆಗೆ ಕೈಯೂರಿದ್ದಳು. ನಮ್ಮನ್ನು ಕಂಡ ಅಮ್ಮಿಯ ಮುಖದಲ್ಲಿ ಕೊಂಚ ಬೇಸರವೇ ಕಾಣಿಸಿತು.

“ಇಷ್ಟ್ ಲಗೂ ಯಾಕ್ ಬಂದ್ರಿ?” ಎಂದರು.

ಗೌಸ್ ಮುಖ ತೊಳೆಯುವ ನೆಪದಲ್ಲಿ ಆ ಸೋರುವ ನಲ್ಲಿಯ ಕಡೆ ಹೋದ. ಆ ನಲ್ಲಿಯ ಬಗ್ಗೆ ನಾವು ಯಾರೂ ದೂರು ಹೇಳಲಿಲ್ಲ.

ಅಮ್ಮಿ ಈಗಿಲ್ಲ. ಅವರ ಮೊಣಕಾಲು ಮಾತ್ರ ಹೇಗೋ ನನಗೆ ಬಂದಿದೆ. ಚಾಮುಂಡಿ ಬೆಟ್ಟ, ಅರಮನೆ ಎಂದು ಎಲ್ಲರೂ ಓಡಾಡುವಾಗ ನನ್ನಿಂದೇಕೆ ತೊಂದರೆ, ಮೈಸೂರಿಗೆ ಬರುವುದಿಲ್ಲ ಎಂದು ಬರೆಯಲು ನಾನು ಮಾತು ಹೊಂದಿಸುತ್ತಿದ್ದೆ. ಅಷ್ಟರಲ್ಲಿ ಶೋಭಾಳಿಂದ ಇನ್ನೊಂದು ಚಿತ್ರ ಬಂತು. ಇದರಲ್ಲಿ ಹಾಸಿಗೆಯೂ ಇಲ್ಲ, ಹಂಸವೂ ಇಲ್ಲ. ರಸ್ತೆಗೆ ಮುಖಮಾಡಿದ ಒಂದು ಪಡಸಾಲೆ, ಒಂದು ಬೆಂಚು, ಅದರ ಮೇಲೆ ಪೇಪರು ಹಿಡಿದು ವಾದಿಸುತ್ತಿರುವ ಇಬ್ಬರು ಮುದುಕರು.

“ರೂಮು ಅಷ್ಟಕ್ಕಷ್ಟ ಅದಾವ ಕಾಕಾ. ಖರೇ ನಿಮಗ ಇಲ್ಲಿ ಬ್ಯಾಸರ ಆಗಂಗಿಲ್ಲ.”

ಹೊಂದಿಸಿದ್ದನ್ನು ಅಳಿಸಿದೆ. ಇದೇ ಇರಲಿ ಎಂದು ಬರೆದು, ಇನ್ನೊಂದು ಸಾಲು ಸೇರಿಸಿದೆ: “ಗುಡ್ಡ ಹತ್ತಿ ನೀವು ಸಾವಕಾಶ ಬರ್ರಿ. ಗಡಿಬಿಡಿ ಇಲ್ಲ.”