ಒಲೆ ಹತ್ತಿರದ ಚೀಲ

ಕಾಗದಪತ್ರ ಹೇಗೆ ಇಡಬೇಕೆಂದು ಜನ ನನ್ನನ್ನು ಕೇಳಿಕೊಂಡು ಬರುತ್ತಾರೆ. ಗೋವಾದ ಝುವಾರಿನಗರದಲ್ಲಿ ನಳದ ಸಾಮಾನಿನ ಅಂಗಡಿ ನನ್ನದು, ಹಿಂದೆಯೇ ಮನೆ. ಪರ್ವರಿಯ ಕಟ್ಟಡಗಳಲ್ಲಿ ಸಿಮೆಂಟ್ ಬುಟ್ಟಿ ಹೊತ್ತವನು ಸ್ವಂತ ಅಂಗಡಿ ಹಾಕಿದ್ದಾನೆ, ಇವನಿಗೆ ಎಲ್ಲ ಗೊತ್ತಿರಬೇಕು ಎಂಬುದು ಅವರ ಎಣಿಕೆ. ನಾನೂ ಹೇಳುತ್ತೇನೆ. ಮೂಲ ಕಾಗದ ಯಾರ ಕೈಗೂ ಕೊಡಬೇಡಿ, ಝೆರಾಕ್ಸ್ ಕೊಡಿ. ಅರ್ಜಿ ಕೊಟ್ಟರೆ ಮುಟ್ಟಿತೆಂಬ ಸಿಕ್ಕಾ ಒತ್ತಿಸಿಕೊಳ್ಳದೆ ಕಿಟಕಿ ಬಿಟ್ಟು ಕದಲಬೇಡಿ. ನಮ್ಮ ಈ ಮಳೆಗೆ ಪ್ಲಾಸ್ಟಿಕ್ಕಿನಲ್ಲಿಟ್ಟ ಕಾಗದ ಬೂಷ್ಟು ಹಿಡಿಯುತ್ತದೆ, ಬಟ್ಟೆಯಲ್ಲಿಡಿ. ಈ ಕೊನೆಯ ಮಾತು ಮಾತ್ರ ನನ್ನದಲ್ಲ, ನನ್ನ ಹೆಂಡತಿಯದು.

ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಮನೆ, ಅಂಗಡಿಯ ಅಷ್ಟೂ ಕಾಗದ ಅವಳ ವಶದಲ್ಲಿದ್ದವು. ಹಳೇ ಬಟ್ಟೆಯಲ್ಲಿ ಚೀಲ ಹೊಲಿದು, ಅಡಿಗೆಮನೆ ಗೋಡೆಗೆ ಸಾಲಾಗಿ ಮೊಳೆ ಹೊಡೆದು ತೂಗುಹಾಕಿದ್ದಳು. ಮಗಳ ಜನನದ ದಾಖಲೆ, ಅವಳು ಕೂಸಾಗಿದ್ದಾಗಿನ ಕುಂಚಿಗೆಯ ಬಟ್ಟೆಯಲ್ಲಿ. ಅಂಗಡಿ ಲೈಸೆನ್ಸು, ಅಂಗಡಿ ತೆರೆದ ದಿನ ನಾನು ಹಾಕಿದ್ದ ಚೌಕಳಿ ಅಂಗಿಯಲ್ಲಿ. ಬಾಡಿಗೆ ಕರಾರು, ಈ ಮನೆಗೆ ಬಂದ ವರ್ಷ ಕಟ್ಟಿದ್ದ ಪರದೆಯಲ್ಲಿ.

ಒಮ್ಮೆ ಪಂಚಾಯತಿಯವನೊಬ್ಬ ಬಂದು ಲೈಸೆನ್ಸು ಕೇಳಿದ. ಅವನು ಕನ್ನಡಕ ಹುಡುಕಿ ಹಾಕಿಕೊಳ್ಳುವುದರೊಳಗೆ ಇವಳು ತಂದು ಮುಂದಿಟ್ಟಳು.

"ಬಾಯೀ, ನೀವು ನಮ್ಮ ಆಫೀಸಿಗೇ ಕೆಲಸಕ್ಕೆ ಬಂದುಬಿಡಿ," ಎಂದು ಅವನು ನಕ್ಕ.

"ಬರ್ತೇನ್ರಿ. ಮೊದಲ ನಿಮ್ಮ ಸಾಹೇಬ್ರ ಹಳೇ ಅಂಗಿ ಎಷ್ಟ ಅದಾವ ಕೇಳ್ಕೊಂಡ ಬರ್ರಿ!"

ಧಾರವಾಡಕ್ಕೆ ಕೊಟ್ಟ ಮಗಳು ಬಸುರಿಯಾದಾಗ ಓಡಾಟ ಬೇಡವೆಂದು ಡಾಕ್ಟರು ಹೇಳಿದ್ದರು. ಹಾಗಾಗಿ ಬಾಣಂತನಕ್ಕೆ ಇವಳೇ ಧಾರವಾಡಕ್ಕೆ ಹೋಗಿ ಎರಡು ತಿಂಗಳಿದ್ದಳು. ಆಗ ನನಗೆ ಶಿಸ್ತಿನ ಹುಚ್ಚು ಹಿಡಿಯಿತು. ಮಡಗಾಂವದಲ್ಲಿ ಚೌಕಾಸಿ ಮಾಡಿ, ಹತ್ತರ ದರಕ್ಕೆ ಹನ್ನೆರಡು ಬಾಕ್ಸ್ ಫೈಲು ತಂದೆ. ಹೆಸರು ಅಚ್ಚು ಹಾಕಿಸಿ ಅಂಟಿಸಿದೆ: ಲೈಟ್ ಬಿಲ್ಲು, ನೀರು, ಬಾಡಿಗೆ, ಜಿಎಸ್‌ಟಿ, ಟೆಂಪೊ... ಎಲ್ಲಿಯೂ ಸೇರದ ಚೂರುಪಾರು ಹನ್ನೆರಡನೆಯದಕ್ಕೆ ಹೋದವು. ಅದರ ಮೇಲೆ ‘ಇತರೆ’ ಎಂದಿತ್ತು. ಖಾಲಿ ಚೀಲಗಳು ಪೈಪಿಗೆ ಹತ್ತಿದ ಎಣ್ಣೆ ಒರೆಸಲು ಭಾಳ ಚಲೋ ಬಂದವು.

ಅವಳು ಮರಳಿದ ದಿನ ಕೈಚೀಲ ಕೆಳಗಿಡದೆ ಗೋಡೆ ನೋಡುತ್ತ ನಿಂತಳು.

"ಒಲಿ ಹತ್ರ ಸಣ್ಣ ಚೀಲ ಒಂದಿತ್ತಲ್ರಿ?"

"ಎಲ್ಲಾ ಫೈಲಿನ್ಯಾಗ ಅದಾವ. ಬೇಕಾದಾಗ ಕೇಳು, ತಗದ ಕೊಡ್ತೇನಿ. ಚಲೋ ಆಗೇತಿಲ್ಲೊ?"

"ಚಲೋ ಆಗೇತ್ರಿ."

ಆ ವಾರವೇ ಮನೆ ಮಾಲೀಕರ ಮಗ ಕರಾರು ಪತ್ರ ಕೇಳಿಕೊಂಡು ಬಂದ. ನಾನು ಗಿರಾಕಿಗೆ ಪೈಪು ಅಳೆಯುತ್ತಿದ್ದೆ. ಅವಳು ಒಂದು ಫೈಲು ತೆರೆದಳು, ಇನ್ನೊಂದು, ಮತ್ತೊಂದು. "ಅರೇ ಕಾಕಿ, ಮೇಲೇ ಬರದೈತಲ್ಲ!" ಎಂದು ಅವನು ನಕ್ಕ. ಅವಳು ಮೂರನ್ನೂ ಅಂಚಿಗೆ ಅಂಚು ಕೂಡಿಸಿ ಇಟ್ಟು, "ಅವರನ್ನ ಕೇಳಪಾ," ಎಂದು ಒಳಗೆ ಹೋದಳು. ಆಮೇಲೆ ಕಾಗದ ಮುಟ್ಟಲಿಲ್ಲ. ಪಾಪ, ವಿಶ್ರಾಂತಿ ಸಿಕ್ಕಿತು ಎಂದುಕೊಂಡೆ.

ಮುಂದಿನ ಮಳೆಗಾಲಕ್ಕೆ ಅವಳಿಗೆ ಎಡಗೈ ಎತ್ತಲಾಗದಷ್ಟು ನೋವು. ದೊಡ್ಡ ದವಾಖಾನೆಯಲ್ಲಿ ಪರೀಕ್ಷಿಸಿ, ಎದೆಯಲ್ಲಿ ಗಂಟಿದೆ, ಮೊದಲು ಎಲ್ಲಿ ತೋರಿಸಿದ್ದಿರಿ ಎಂದರು. ಎಲ್ಲೂ ಇಲ್ಲ ಅಂದೆ.

"ತೋರ್ಸಿದ್ದೆ," ಎಂದಳು ಅವಳು, ನೆಲ ನೋಡುತ್ತ. "ಚೀಟಿ ಇತ್ತು."

ಮನೆಗೆ ಬಂದು ಹನ್ನೆರಡನೆಯ ಫೈಲು ತೆಗೆದೆ. ಮಿಕ್ಸರಿನ ಗ್ಯಾರಂಟಿ ಕಾರ್ಡಿಗೂ ಯಾರದೋ ಲಗ್ನಪತ್ರಿಕೆಗೂ ನಡುವೆ ಇತ್ತು ಆ ಚೀಟಿ: ಎದೆಯಲ್ಲಿ ಸಣ್ಣ ಗಂಟು, ಮೂರು ತಿಂಗಳಿಗೆ ಮತ್ತೆ ಬಂದು ತೋರಿಸಬೇಕು. ಧಾರವಾಡಕ್ಕೆ ಹೋಗುವ ಮೊದಲು ಪಕ್ಕದ ಮನೆಯಾಕೆಯ ಜೊತೆ ಇಲ್ಲಿಯ ಸಣ್ಣ ದವಾಖಾನೆಗೆ ಹೋಗಿ ಬಂದಿದ್ದಳಂತೆ. ಇದೇ ಚೀಟಿ ತರಬೇಕೆಂದು ನರ್ಸಮ್ಮ ಹೇಳಿದ್ದರಿಂದ, ದಿನಾ ಕಣ್ಣಿಗೆ ಬೀಳಲೆಂದು ಒಲೆಯ ಹತ್ತಿರ ತೂಗುಹಾಕಿದ್ದಳು.

"ನನ್ನ ಯಾಕ ಕೇಳ್ಲಿಲ್ಲ?" ಅಂದೆ.

"ಒಂದ್ಸಲ ನಾನ ಹುಡುಕಿದೆ, ಸಿಗ್ಲಿಲ್ಲ. ನೋವೂ ಇರ್ಲಿಲ್ಲ ಆಗ. ನನ್ನ ಮನ್ಯಾಗ ನನ್ನ ಚೀಟಿ ಎಲ್ಲೈತಿ ಅಂತ ಇನ್ನೊಬ್ರನ್ನ ಕೇಳೂದಂದ್ರ..." ಅರ್ಧಕ್ಕೇ ನಿಲ್ಲಿಸಿ, ನನ್ನ ಮುಖ ನೋಡಿ ನಗಲು ನೋಡಿದಳು. "ಹನ್ನೆರಡ ತಂದ್ರಿ, ಹತ್ತರ ದರಕ್ಕ. ನನಗೂ ಒಂದ ಇಡಬೇಕಿತ್ತ ನೋಡ್ರಿ."

ಮೊದಲೇ ಬಂದಿದ್ದರೆ ಗುಣವಾಗುತ್ತಿತ್ತೇನೋ, ಹೇಳಲಾಗದು ಎಂದರು ಡಾಕ್ಟರು. ಆ ‘ಏನೋ’ ಜೊತೆ ಇವತ್ತಿಗೂ ಚೌಕಾಸಿ ನಡೆಸಿದ್ದೇನೆ. ಒಂದು ಪೈಸೆಯೂ ಇಳಿಯುವುದಿಲ್ಲ ಅದು.

ದೀಪಾವಳಿಗೆ ಅವಳು ಇರಲಿಲ್ಲ.

ಆದ್ದರಿಂದ, ಕೇಳಲು ಬಂದವರಿಗೆ ಈಗ ಇನ್ನೊಂದು ಮಾತು ಹೇಳುತ್ತೇನೆ. ಫೈಲು ಕೊಳ್ಳುವ ಮೊದಲು, ಇಷ್ಟು ವರ್ಷ ಕಾಗದ ಕಾಯ್ದವರನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿ. ಯಾವುದು ಎಲ್ಲಿದೆ ಅಂತಲ್ಲ, ಅಲ್ಲಿ ಯಾಕಿದೆ ಅಂತ.

ಅವಳ ಮರಣದ ದಾಖಲೆ ಕೈಗೆ ಬಂದು ತಿಂಗಳಾಯಿತು. ಯಾವ ಫೈಲಿಗೂ ಹಾಕಲು ಮನಸ್ಸು ಬರಲಿಲ್ಲ. ಚೀಲ ಹೊಲಿಸೋಣವೆಂದು ಅವಳ ಟ್ರಂಕು ತೆರೆದೆ. ಒಂದೊಂದು ಸೀರೆಯನ್ನೂ ಯಾವ ಅಂಗಡಿಯಲ್ಲಿ ಕೊಂಡೆ, ಎಷ್ಟು ಇಳಿಸಿ ಕೊಂಡೆ, ಎಲ್ಲ ನೆನಪಿದೆ. ಇದಕ್ಕೆ ಅವಳು ಯಾವ ಬಟ್ಟೆ ಆರಿಸುತ್ತಿದ್ದಳು ಎಂಬುದು ಗೊತ್ತಾಗಲಿಲ್ಲ. ಟ್ರಂಕು ಮುಚ್ಚಿದೆ. ದಾಖಲೆಯನ್ನು ನನ್ನ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ. ಅಂಗಿ ಒಗೆಯಲು ಹಾಕುವಾಗ ಒಂದರಿಂದ ತೆಗೆದು ಇನ್ನೊಂದಕ್ಕೆ ಇಡುತ್ತೇನೆ.