ಭೂಮಿಯ ವೇಗ ಅಳೆಯುವ ತಟ್ಟೆ, ಏಣಿ ಹತ್ತುವ ಗ್ರೀಸಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರಂತಸ್ತಿನ ಮನೆಯನ್ನು ಮುಚ್ಚುವಷ್ಟು ದೊಡ್ಡ ಕಬ್ಬಿಣದ ಆಂಟೆನಾ ತಟ್ಟೆಯ ಒಡಲಿನಿಂದ ಗ್ರೀಸಕ್ಕ ಏಣಿ ಇಳಿದು ಬರುತ್ತಾರೆ. ಮೊಣಕೈವರೆಗೂ ಗ್ರೀಸು. ಒಳಗೆ ಹೋಗುವವರು ಸ್ವಿಚ್ಚಿಗೆ ತಮ್ಮ ಬೀಗ ಜಡಿದು, ಕೀಲಿ ಜೇಬಿಗಿಟ್ಟುಕೊಳ್ಳಬೇಕು; ಬೀಗವಿದ್ದರೆ ತಟ್ಟೆ ತಿರುಗದು. ತಮ್ಮ ಬೀಗ ತೆಗೆದ ಮೇಲೂ ಪಕ್ಕದಲ್ಲಿ ಇನ್ನೊಂದು ನೇತಾಡುತ್ತಿರುವುದನ್ನು ನೋಡಿ ಅವರ ಮುಖ ಬಿಗಿಯುತ್ತದೆ. ಅದು ಇಲ್ಲಿನ ಎಲೆಕ್ಟ್ರಿಷಿಯನ್‌ನದು. ಆತ ಅವರ ಮೈದುನನೂ ಹೌದು.

ಭೂಮಿ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಅಳೆಯುವುದೇ ಈ ತಟ್ಟೆಯ ಕೆಲಸ. ಹಲವು ದೇಶಗಳ ಇಂಥ ತಟ್ಟೆಗಳು ಒಂದೇ ಹೊತ್ತಿಗೆ ಆಕಾಶದ ಒಂದೇ ದೂರದ ಚುಕ್ಕಿಗೆ ಕಿವಿಗೊಡುತ್ತವೆ. ಅದರ ರೇಡಿಯೋ ಅಲೆ ಯಾವ ತಟ್ಟೆಗೆ ಎಷ್ಟು ಮೊದಲು ತಲುಪಿತು ಎಂಬುದರಿಂದ ಭೂಮಿ ಎಷ್ಟು ತಿರುಗಿದೆಯೆಂದು ತಿಳಿಯುತ್ತದೆ. ಒಂದು ಕೈಕೊಟ್ಟರೂ ಅಂದಿನ ಅಳತೆ ಕೆಡುತ್ತದೆ. ಧ್ರುವದ ಹಿಮ ಕರಗಿ ಕಡಲಿಗೆಲ್ಲ ಹರಡಿದರೆ ಭೂಮಿ ಕೂದಲೆಳೆಯಷ್ಟು ನಿಧಾನವಾಗುತ್ತದೆ. ಗ್ರೀಸಕ್ಕ ಅದನ್ನು ಆಫೀಸಿನ ತಿರುಗುವ ಕುರ್ಚಿಯಲ್ಲಿ ಕೂತು ತೋರಿಸುತ್ತಾರೆ. "ಕೈ ಮಡಚ್ಕೊಂಡ್ರೆ ಗಿರ್ರನೆ ಸುತ್ತುತ್ತೆ. ಚಾಚಿದ್ರೆ ನಿಧಾನ. ನೀರು ಅಂದ್ರೆ ಭೂಮಿಯ ಕೈ ಅಂದ್ಕೊಳ್ಳಿ." ಈ ವಾರ ಅರ್ಧ ಜಗತ್ತಿನಲ್ಲಿ ನೆರೆ. ಅಷ್ಟು ನೀರು ಜಾಗ ಬದಲಿಸಿದ ಗುರುತು ಇವತ್ತಿನ ಅಳತೆಯಲ್ಲಿ ಸಿಕ್ಕೀತೆಂದು ಎಲ್ಲರೂ ಕಾದಿದ್ದಾರೆ.

ನೆಲ ಒರೆಸಲು ಸೇರಿದವರು ಇವರು. ಒಳಗೆ ಯಾರಿದ್ದಾರೆಂದು ನೋಡದೆ ಯಾರೋ ತಟ್ಟೆ ತಿರುಗಿಸಿ, ಹಿಂದಿನ ಗ್ರೀಸಿನವನ ಕೈ ಹೋದ ಮೇಲೆ ಆ ಕೆಲಸಕ್ಕೆ ಬೇರೆ ಯಾರೂ ಮುಂದೆ ಬರಲಿಲ್ಲ. ತಟ್ಟೆ ತಿರುಗಿಸುವ ಹಲ್ಲುಚಕ್ರಗಳಿಗೆ ಹಚ್ಚಲು ದಿನಕ್ಕೊಂದು ಬಕೆಟ್ ಗ್ರೀಸು ಹೊತ್ತು ಹತ್ತುತ್ತಾರೆ. ಮಂಡಿ ಸವೆದಿದೆ, ನೌಕರಿ ಮಾತ್ರ ಇಂದಿಗೂ ಗುತ್ತಿಗೆಯದೇ.

ಅಳತೆ ಶುರುವಾಗುವ ಹೊತ್ತು ಹತ್ತಿರವಾಗಿದೆ. ಮೈದುನನ ಫೋನು ರಿಂಗಾಗುವುದೇ ಇಲ್ಲ. ಮನೆಯಲ್ಲಿ ಅತ್ತೆಯೂ ಎತ್ತುವುದಿಲ್ಲ. ಕೇಂದ್ರದ ಮುಖ್ಯಸ್ಥರು ಡ್ರಾಯರಿನಿಂದ ಆ ಬೀಗದ ಇನ್ನೊಂದು ಕೀಲಿ ಹಿಡಿದು ಓಡಿ ಬರುತ್ತಾರೆ.

"ಮತ್ತೆ ಬೀಗ ಮರೆತು ಹೋಗಿದ್ದಾನೆ ಕಣಮ್ಮ. ಹೋದ ತಿಂಗಳೂ ಇದೇ ಕತೆ ಆಯ್ತಲ್ಲ?"

"ಮರೆತಿರಬಹುದು ಸರ್. ಆದ್ರೂ ಮುಖ ನೋಡ್ದೆ ತೆಗೆಯೋದು ಬೇಡ."

"ಇವತ್ತೂ ತಪ್ಪಿದ್ರೆ ಮೇಲಿನವರು ಕೇಂದ್ರನೇ ಕೈಬಿಡ್ತಾರೆ. ನಿಮ್ಮ ಕೆಲಸವೂ ಉಳಿಯಲ್ಲ."

ಗ್ರೀಸಕ್ಕ ತಾವು ತೆಗೆದ ಬೀಗವನ್ನು ಮತ್ತೆ ಸ್ವಿಚ್ಚಿಗೆ ಜಡಿದು, ಕೀಲಿಯನ್ನು ಕುಪ್ಪಸದೊಳಗೆ ಸಿಕ್ಕಿಸಿ ಏಣಿ ಹತ್ತುತ್ತಾರೆ. ಈಗ ಒಳಗೆ ಒಬ್ಬರಂತೂ ಇರುವುದು ಖಾತ್ರಿ. ಮುಖ್ಯಸ್ಥರು ಕೀಲಿ ಹಿಡಿದು ಕೆಳಗೆ ನಿಂತೇ ಇರುತ್ತಾರೆ.

ಬೆಳಿಗ್ಗೆ ಗ್ರೀಸಕ್ಕ ಹೋಗದಿದ್ದ ಮೂಲೆಯ ದೊಡ್ಡ ಹಲ್ಲುಚಕ್ರದ ಸಂದಿಯಲ್ಲಿ ಮೈದುನ ಬೋರಲು ಮಲಗಿ, ಬಿದ್ದುಹೋದ ಸ್ಕ್ರೂಡ್ರೈವರಿಗೆ ಕೈ ಚಾಚಿದ್ದಾನೆ. ಕಬ್ಬಿಣದ ಗೋಡೆಗಳ ನಡುವೆ ಫೋನಿಗೆ ಸಿಗ್ನಲ್ಲಿಲ್ಲ.

"ಏನತ್ಗೆ, ಹೊತ್ತಾಗೋಯ್ತಾ?" ಎನ್ನುತ್ತಾನೆ.

ಗ್ರೀಸಕ್ಕ ಪಕ್ಕದಲ್ಲೇ ಕೂತು ಅವನ ಅಂಗಿಯ ಚುಂಗು ಹಿಡಿದುಕೊಳ್ಳುತ್ತಾರೆ.

ಇಬ್ಬರೂ ಇಳಿದು ಬರುವಷ್ಟರಲ್ಲಿ ಉಳಿದ ದೇಶಗಳ ತಟ್ಟೆಗಳು ಇವರನ್ನು ಬಿಟ್ಟು ಕೆಲಸ ಆರಂಭಿಸಿವೆ. ನೆರೆಯ ನೀರಿನ ಗುರುತು ತಪ್ಪಿಹೋಯಿತು. ಅದಕ್ಕಾಗಿ ಗ್ರೀಸಕ್ಕನಿಗೆ ನಿಜಕ್ಕೂ ಸಂಕಟವಾಗುತ್ತದೆ. ಹೊಣೆ ತಮ್ಮದೇ ಎಂದು ಮುಖ್ಯಸ್ಥರು ಮೇಲಿನವರಿಗೆ ಹೇಳಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತೆ ಕೆಣಕುತ್ತಾರೆ. "ಇಷ್ಟು ಮಳೆಗೆ ಭೂಮಿ ನಿಧಾನ ಆಗಿದ್ಯೋ ಇಲ್ವೋ ನೋಡ್ಕೊಂಡು ಬರ್ತೀನಿ ಅಂತ ಹಾರಾಡ್ತಾ ಹೋದೆಯಲ್ಲೇ?"

"ಇವತ್ತು ಆಗ್ಲಿಲ್ಲ ಅತ್ತೆ. ನಾವು ನೋಡ್ದೆ ಇದ್ರೂ ಅದು ತಿರುಗುತ್ತೆ ಬಿಡಿ."

ಹಾಗೆನ್ನುತ್ತಲೇ ಗ್ರೀಸಕ್ಕ ಮೈದುನನಿಗೆ ಇನ್ನಷ್ಟು ಬಡಿಸುತ್ತಾರೆ. ಅವನು ತಲೆ ಎತ್ತದೆ ಬಡಿಸಿದ್ದನ್ನೆಲ್ಲ ಉಣ್ಣುತ್ತಾನೆ.